ಗುಂಬಜಿಗೊಂದು ಹೊತ್ತು, ಗಿರ್ಮಿಟ್ಟಿಗೊಂದು ಹೊತ್ತು: ವಿಜಯಪುರವನ್ನು ಒಂದು ದಿನದಲ್ಲಿ ನೋಡುವ, ಉಣ್ಣುವ ಕ್ರಮ

ವಿಜಯಪುರಕ್ಕೆ ಬರುವವರಲ್ಲಿ ಹೆಚ್ಚಿನವರು ಬೆಳಿಗ್ಗೆ ಹನ್ನೊಂದಕ್ಕೆ ಗೋಲಗುಂಬಜ್ ಹೊಕ್ಕು, ಗದ್ದಲದಲ್ಲಿ ತಾವೂ ನಾಲ್ಕು ಕೂಗು ಹಾಕಿ, ನೆತ್ತಿ ಸುಡುವ ಬಿಸಿಲಲ್ಲಿ ಇಬ್ರಾಹಿಂ ರೋಜಾ ಸುತ್ತಿ, ಮೂರು ಗಂಟೆಗೆ ಊಟ ಹುಡುಕುತ್ತಾರೆ. ಅಷ್ಟೊತ್ತಿಗೆ ಖಾನಾವಳಿಯ ರೊಟ್ಟಿ ಆರಿರುತ್ತದೆ, ಮಿರ್ಚಿ ಭಜಿಯ ಬಾಣಲೆ ಇನ್ನೂ ಒಲೆ ಏರಿರುವುದಿಲ್ಲ. ಊರು ಚಿಕ್ಕದು, ನೋಡುವುದೆಲ್ಲ ಹತ್ತಿರ ಹತ್ತಿರವೇ ಇದೆ. ಕೆಡುವುದು ಹೊತ್ತಿನ ಲೆಕ್ಕದಲ್ಲಿ. ಇಲ್ಲಿನ ಒಂದೊಂದು ಕಟ್ಟಡಕ್ಕೂ ಬೆಳಕಿನ ಹೊತ್ತು, ಸದ್ದಡಗಿದ ಹೊತ್ತು ಇದೆ. ತಿನಿಸುಗಳೂ ಹಾಗೆಯೇ, ತಮ್ಮ ಹೊತ್ತು ಮೀರಿದರೆ ಅರ್ಧ ರುಚಿ ಕಳೆದುಕೊಳ್ಳುತ್ತವೆ. ಇವೆರಡನ್ನೂ ಹೊಂದಿಸಿಕೊಂಡರೆ ಒಂದು ದಿನ ಸಾಕು.

ಹೊರಡುವ ಮೊದಲು

ನವೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ. ಮಾರ್ಚ್ ಕೊನೆಯಿಂದ ಮೇ ತನಕ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಬಂದರೆ ಹನ್ನೊಂದರಿಂದ ನಾಲ್ಕರವರೆಗೆ ನೆರಳು ಬಿಟ್ಟು ಕದಲಬೇಡಿ. ಶುಕ್ರವಾರ ಬೇಡ: ಗೋಲಗುಂಬಜಿನ ಮುಂದಿನ ವಸ್ತುಸಂಗ್ರಹಾಲಯಕ್ಕೆ ಅಂದು ರಜೆ, ಜಾಮಿ ಮಸೀದಿಯಲ್ಲಿ ಮಧ್ಯಾಹ್ನದ ನಮಾಜು. ಜನವರಿಯ ಸಂಕ್ರಮಣಕ್ಕೆ ಸಿದ್ಧೇಶ್ವರ ಜಾತ್ರೆ ನಡೆಯುತ್ತದೆ. ಆ ದಿನಗಳಲ್ಲಿ ಲಾಡ್ಜಿನಲ್ಲಿ ಕೋಣೆ ಸಿಗುವುದು ಕಷ್ಟ, ತಿನ್ನಲು ಮಾತ್ರ ಅದಕ್ಕಿಂತ ಒಳ್ಳೆಯ ಸಮಯ ಇಲ್ಲ.

ಚೀಲದಲ್ಲಿ ದಪ್ಪ ಕಾಲುಚೀಲ ಇರಲಿ. ಸಮಾಧಿ, ಮಸೀದಿಗಳ ಜಗತಿ ಹತ್ತುವಾಗ ಚಪ್ಪಲಿ ಬಿಡಬೇಕು, ಕಪ್ಪುಕಲ್ಲಿನ ಹಾಸು ಹತ್ತು ಗಂಟೆಗೇ ಪಾದ ಸುಡುತ್ತದೆ. ಒಂದು ಲೀಟರ್ ನೀರು, ಗೋಪುರದ ಮೆಟ್ಟಿಲಿಗೆ ಮೊಬೈಲಿನ ಬೆಳಕು, ಗಾಡಿಯವರಿಗೆ ಕೊಡಲು ಹತ್ತು ಇಪ್ಪತ್ತರ ಚಿಲ್ಲರೆ ನೋಟು, ತಲೆಗೊಂದು ವಸ್ತ್ರ ಇದ್ದರೆ ಆಯಿತು. ಪೂರ್ವದ ಗೋಲಗುಂಬಜಿನಿಂದ ಪಶ್ಚಿಮದ ಇಬ್ರಾಹಿಂ ರೋಜಾಕ್ಕೆ ಸುಮಾರು 4 ಕಿ.ಮೀ. ಮಿಕ್ಕದ್ದೆಲ್ಲ ಈ ಎರಡರ ನಡುವೆ ಬರುತ್ತದೆ. ಹಾಗಾಗಿ ಬೆಳಿಗ್ಗೆ ಪೂರ್ವದಿಂದ ಹೊರಟು ಸಂಜೆ ಪಶ್ಚಿಮ ಮುಟ್ಟಬೇಕು. ಆಟೊದವರು 'ಎಲ್ಲಾ ಪಾಯಿಂಟ್ ಮೂರು ತಾಸಿನಲ್ಲಿ' ಎಂದು ಒಟ್ಟು ದರ ಹೇಳುತ್ತಾರೆ, ಒಪ್ಪಬೇಡಿ. ಅವರ ಅವಸರವೇ ನಿಮ್ಮ ದಿನವನ್ನು ಹಾಳುಮಾಡುತ್ತದೆ. ಬೆಳಗಿನ ಭಾಗವನ್ನು ನಡೆದು ಮುಗಿಸಿ, ಮಧ್ಯಾಹ್ನದ ಮೇಲೆ ಪಶ್ಚಿಮಕ್ಕೆ ಮಾತ್ರ ಆಟೊ ಹಿಡಿಯಿರಿ.

ಆರು ಗಂಟೆ: ಗೋಲಗುಂಬಜ್

ಬಾಗಿಲು ತೆರೆಯುವುದು ಬೆಳಿಗ್ಗೆ ಆರಕ್ಕೆ. ಆ ಹೊತ್ತಿಗೇ ಅಲ್ಲಿರಿ. ಭಾರತೀಯರಿಗೆ ಚೀಟಿ 25 ರೂಪಾಯಿ, ಹದಿನೈದು ವರ್ಷದೊಳಗಿನ ಮಕ್ಕಳಿಗೆ ಉಚಿತ. ಶಾಲೆಯ ಪ್ರವಾಸದ ಬಸ್ಸುಗಳು ಎಂಟರ ಹೊತ್ತಿಗೆ ಬಂದು ನಿಲ್ಲುತ್ತವೆ. ಅಲ್ಲಿಂದ ಮುಂದೆ ಒಳಗೆ ಕೇಳುವುದು ಸಿಳ್ಳೆ ಮಾತ್ರ.

ಒಳಗೆ ಹೋದ ಕೂಡಲೇ ಮೇಲೆ ಓಡಬೇಡಿ. ಹತ್ತು ನಿಮಿಷ ನೆಲದ ಮೇಲೇ ನಿಲ್ಲಿ, ಏಕೆಂದರೆ ಕಟ್ಟಡದ ಗುಟ್ಟು ಕೆಳಗಿನಿಂದ ಮಾತ್ರ ಕಾಣುತ್ತದೆ. ಈ ಊರನ್ನಾಳಿದ ಆದಿಲ್ ಶಾಹಿ ಮನೆತನದ ಸುಲ್ತಾನ ಮುಹಮ್ಮದ್ ಆದಿಲ್ ಶಾಹ (ಆಳ್ವಿಕೆ 1627–1656) ತನಗಾಗಿ ಕಟ್ಟಿಸಿಕೊಂಡ ಸಮಾಧಿ ಇದು. ಕೋಣೆ ಒಂದೊಂದು ಬದಿಗೆ ಸುಮಾರು 41 ಮೀ. ಇರುವ ಚೌಕ. ನಡುವೆ ಒಂದೇ ಒಂದು ಕಂಬವಿಲ್ಲ. ಮೇಲಿನ ಗುಂಬಜಿನ ಒಳವ್ಯಾಸ ಸುಮಾರು 38 ಮೀ., ಹೊರವ್ಯಾಸ 44 ಮೀ., ಅಂದರೆ ಗೋಡೆಯ ದಪ್ಪವೇ ಸುಮಾರು 3 ಮೀ. ಚೌಕದ ಮೇಲೆ ದುಂಡಗಿನ ಗುಂಬಜ್ ಕೂರಿಸುವುದು ಹೇಗೆ ಎಂಬುದೇ ಇಲ್ಲಿನ ಪ್ರಶ್ನೆ. ಉತ್ತರ ನೋಡಲು ನಡುವಿನ ಕಟ್ಟೆಯ ಒಂದು ಮೂಲೆಗೆ ಬೆನ್ನು ಮಾಡಿ, ಎದುರಿನ ಮೂಲೆಯ ಮೇಲ್ಭಾಗ ನೋಡಿ.

ಗೋಡೆಗಳಿಂದ ಎಂಟು ಕಮಾನುಗಳು ಎದ್ದು ಒಂದನ್ನೊಂದು ಕತ್ತರಿಸಿಕೊಂಡು ಹೋಗುತ್ತವೆ. ಎರಡು ಚೌಕಗಳನ್ನು ಒಂದರ ಮೇಲೊಂದು ಓರೆಯಾಗಿಟ್ಟರೆ ಎಂಟು ಮೂಲೆಯ ನಕ್ಷತ್ರ ಆಗುತ್ತದಲ್ಲ, ಕಮಾನುಗಳ ನೆಲನಕ್ಷೆ ಅದೇ. ಅವು ಕೂಡುವ ಜಾಗದಲ್ಲಿ ಕಲ್ಲು ಒಳಮುಖವಾಗಿ ಚಾಚಿಕೊಂಡು ಮೇಲೆ ದುಂಡು ಬಳೆಯಾಗುತ್ತದೆ, ಗುಂಬಜ್ ಕೂತಿರುವುದು ಆ ಬಳೆಯ ಮೇಲೆ. ಗುಂಬಜಿನ ಭಾರ ಗೋಡೆಗಳನ್ನು ಹೊರಕ್ಕೆ ದೂಡಲು ನೋಡುತ್ತದೆ, ಒಳಕ್ಕೆ ಚಾಚಿದ ಕಮಾನುಮೂಲೆಗಳ ಭಾರ ಒಳಕ್ಕೆ ಎಳೆಯುತ್ತದೆ. ಎರಡೂ ಸಮವಾಗಿರುವುದರಿಂದಲೇ ಈ ಗಾತ್ರ ಇಷ್ಟು ಕಾಲ ನಿಂತಿದೆ. ಮೇಲೆ ನೀವು ಓಡಾಡುವ ಪಿಸುಮಾತಿನ ಮೊಗಸಾಲೆ ಬೇರೇನಲ್ಲ, ಒಳಕ್ಕೆ ಚಾಚಿದ ಆ ಬಳೆಯ ಮೇಲ್ಮೈ.

ಕಟ್ಟೆಯ ಮೇಲಿರುವುದು ಗೋರಿಗಳ ಪ್ರತಿರೂಪ, ನಿಜವಾದ ಗೋರಿಗಳು ಕೆಳಗಿನ ನೆಲಮಾಳಿಗೆಯಲ್ಲಿವೆ. ದಕ್ಷಿಣದ ಬಾಗಿಲಿನ ಮೇಲೆ ಪರ್ಷಿಯನ್ ಭಾಷೆಯ ಮೂರು ಸಾಲುಗಳಿವೆ. ಅಕ್ಷರಗಳ ಬೆಲೆ ಕೂಡಿಸಿದರೆ ಮೂರರಲ್ಲೂ ಹಿಜರಿ 1067 ಬರುತ್ತದೆ, ಅದು ಸುಲ್ತಾನ ತೀರಿಕೊಂಡ ವರ್ಷ. ಓದಲು ಬರದಿದ್ದರೂ ಮೂರು ಭಾಗಗಳನ್ನು ಗುರುತಿಸಬಹುದು.

ಈಗ ಮೇಲೆ. ನಾಲ್ಕು ಮೂಲೆಯ ಎಂಟುಮೂಲೆ ಗೋಪುರಗಳಿಗೆ ಏಳು ಅಂತಸ್ತು. ಮೆಟ್ಟಿಲು ನೂರಕ್ಕೂ ಹೆಚ್ಚು, ಎತ್ತರ, ಇಕ್ಕಟ್ಟು, ಕೆಲವೆಡೆ ಸವೆದು ಜಾರುತ್ತವೆ. ಮೊಣಕಾಲು ನೋವಿದ್ದವರು ಕೆಳಗೇ ಉಳಿಯುವುದು ಲೇಸು, ನಡುವೆ ತಿರುಗಲು ಜಾಗವಿಲ್ಲ. ಹತ್ತುವವರು ಪ್ರತಿ ಅಂತಸ್ತಿನ ಕಿಟಕಿಯಲ್ಲಿ ಅರೆನಿಮಿಷ ನಿಂತು ಉಸಿರು ತೆಗೆದುಕೊಳ್ಳಲಿ. ಮಾಳಿಗೆಗೆ ಬಂದ ಮೇಲೆ ಮೊದಲು ಹೊರಗಿನ ಊರು ನೋಡಿ. ನೈರುತ್ಯಕ್ಕೆ ಜಾಮಿ ಮಸೀದಿಯ ಗುಂಬಜ್ ಕಾಣುತ್ತದೆ, ನಿಮ್ಮ ಮುಂದಿನ ದಾರಿ ಅದು.

ಮೊಗಸಾಲೆಯಲ್ಲಿ ಎಲ್ಲರೂ ತಪ್ಪುವುದು ಇಲ್ಲಿ: ಹೆಸರು ಕೂಗುತ್ತಾರೆ. ಸದ್ದು ಎದುರು ಗೋಡೆಗೆ ಹೋಗಿ ಬರಲು 76 ಮೀ. ದಾರಿ, ಅದಕ್ಕೆ ಸುಮಾರು 0.22 ಸೆಕೆಂಡು ಬೇಕು. ಮೂರಕ್ಷರದ ಹೆಸರು ಬಾಯಿಂದ ಪೂರ್ತಿ ಹೊರಡುವ ಮೊದಲೇ ಅದರ ಮೊದಲ ಅಕ್ಷರ ಮರಳಿ ಬಂದು ಮೈಮೇಲೆ ಬೀಳುತ್ತದೆ. ಹಾಗಾಗಿ ಎಲ್ಲ ಕಲಸಿ ಬರೀ ಗೊಂದಲ. ಒಂದೇ ಒಂದು ಚಪ್ಪಾಳೆ ತಟ್ಟಿ, ಗಟ್ಟಿಯಾಗಿ, ಚುಟುಕಾಗಿ. ಆಮೇಲೆ ಕೈ ಕೆಳಗಿಳಿಸಿ ಸುಮ್ಮನಿರಿ. ಸದ್ದಿಲ್ಲದ ಹೊತ್ತಿನಲ್ಲಿ ಏಳು ಸಲದ ಪ್ರತಿಧ್ವನಿ ಬಿಡಿಬಿಡಿಯಾಗಿ ಎಣಿಸಬಹುದು, ಕಿವಿ ಚುರುಕಿದ್ದವರಿಗೆ ಅದಕ್ಕೂ ಹೆಚ್ಚು.

ಪಿಸುಮಾತಿನ ಪ್ರಯೋಗ ಬೇರೆ. ಇಬ್ಬರು ಬೇಕು, ಒಬ್ಬರು ಈ ಬದಿ, ಇನ್ನೊಬ್ಬರು ನೇರ ಎದುರು ಬದಿ. ಮಾತಾಡುವವರು ಕಂಬಿಯ ಕಡೆಗಲ್ಲ, ಗೋಡೆಯ ಕಡೆ ಮುಖ ಮಾಡಿ, ಗೋಡೆಯಿಂದ ಒಂದು ಗೇಣು ದೂರದಲ್ಲಿ ಬಾಯಿಟ್ಟು ಪಿಸುಗುಡಬೇಕು. ಕೇಳುವವರೂ ಕಿವಿಯನ್ನು ಗೋಡೆಗೆ ಹತ್ತಿರ ಇಡಬೇಕು. ಸದ್ದು ಬಾಗಿದ ಗೋಡೆಯನ್ನು ಅಪ್ಪಿಕೊಂಡು ಸುಮಾರು 60 ಮೀ. ಸಾಗುತ್ತದೆ, ನಡುವಿನ ಬಯಲಿಗೆ ಚೆದುರುವುದಿಲ್ಲ. ಗೋಡೆ ಬಿಟ್ಟು ಎರಡು ಹೆಜ್ಜೆ ಹಿಂದೆ ನಿಂತರೆ ಏನೂ ಕೇಳಿಸದು. ಕಾಗದದ ಚೂರು ಹರಿದು ನೋಡಿ, ಮಾತಿಗಿಂತ ಸ್ಪಷ್ಟ.

ಇಳಿದ ಮೇಲೆ ಎದುರಿನ ನಗಾರಖಾನೆಯ (ನಗಾರಿ ಬಾರಿಸುತ್ತಿದ್ದ ಕಟ್ಟಡದ) ವಸ್ತುಸಂಗ್ರಹಾಲಯ ಇನ್ನೂ ತೆರೆದಿರುವುದಿಲ್ಲ. ಅದನ್ನು ಮಧ್ಯಾಹ್ನದ ಬಿಸಿಲಿಗೆ ಇಟ್ಟುಕೊಳ್ಳಿ.

ಎಂಟು ಗಂಟೆ: ಸೂಸಲಾ

ಸ್ಟೇಶನ್ ರಸ್ತೆಯ ಗಾಡಿ, ಸಣ್ಣ ಹೋಟೆಲುಗಳಲ್ಲಿ ಇಡ್ಲಿ, ಪೂರಿ ಎಲ್ಲ ಸಿಗುತ್ತವೆ, ಆದರೆ ಅವು ಎಲ್ಲಿಯೂ ಸಿಗುವಂಥವು. ಇಲ್ಲಿ ತಿನ್ನಬೇಕಾದದ್ದು ಸೂಸಲಾ: ಚುರಮುರಿಯನ್ನು ನೀರಲ್ಲಿ ಅದ್ದಿ ಹಿಂಡಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಶೇಂಗಾ ಒಗ್ಗರಣೆಯಲ್ಲಿ ಕಲಸಿ, ಮೇಲೆ ಪುಠಾಣಿ (ಹುರಿಗಡಲೆ) ಹಿಟ್ಟು ಉದುರಿಸಿದ್ದು. ಏಳೂವರೆಯಿಂದ ಒಂಬತ್ತರೊಳಗೆ ತಿನ್ನಬೇಕು. ದೊಡ್ಡ ಪಾತ್ರೆಯಲ್ಲಿ ಕಲಸಿಟ್ಟದ್ದು ಒಂದು ತಾಸು ಕಳೆದರೆ ತಳದಲ್ಲಿ ಮುದ್ದೆಯಾಗುತ್ತದೆ. ಪಾತ್ರೆ ಅರ್ಧಕ್ಕಿಂತ ಕೆಳಗಿದ್ದು, ಬಡಿಸುವವರು ಸೌಟಿನಿಂದ ಕೆರೆದು ತೆಗೆಯುತ್ತಿದ್ದರೆ ಮುಂದಿನ ಗಾಡಿಗೆ ನಡೆಯಿರಿ. ಲಿಂಬೆ ಹಿಂಡಿಸಿಕೊಳ್ಳಿ, ಲಿಂಬೆಗೆ ಹೆಸರಾದ ಇಂಡಿ ಇದೇ ಜಿಲ್ಲೆಯದು.

ಹೊಟ್ಟೆ ತುಂಬ ಬೇಡ, ಒಂದು ತಟ್ಟೆ ಮತ್ತು ಚಹಾ ಸಾಕು. ಮಧ್ಯಾಹ್ನದ ರೊಟ್ಟಿ ಊಟಕ್ಕೆ ಜಾಗ ಇರಬೇಕು.

ಒಂಬತ್ತರಿಂದ ಹನ್ನೆರಡು: ಜಾಮಿ ಮಸೀದಿಯಿಂದ ಬಾರಾ ಕಮಾನಿಗೆ

ಗೋಲಗುಂಬಜಿನಿಂದ ಜಾಮಿ ಮಸೀದಿಗೆ ಸುಮಾರು ಒಂದು ಕಿ.ಮೀ. ನಡಿಗೆ. ಇದು ಈಗಲೂ ನಮಾಜು ನಡೆಯುವ ಮಸೀದಿ. ಕೈಕಾಲು ಮುಚ್ಚುವ ಬಟ್ಟೆ ಬೇಕು, ತಲೆಗೆ ವಸ್ತ್ರ ಇದ್ದರೆ ಚೆನ್ನ, ಪ್ರಾರ್ಥನೆಯವರ ಮುಂದೆ ಹಾದುಹೋಗಬಾರದು. 1565ರ ತಾಳಿಕೋಟೆ ಯುದ್ಧದ ನಂತರ ಒಂದನೆಯ ಅಲಿ ಆದಿಲ್ ಶಾಹ ಕಟ್ಟಿಸತೊಡಗಿದ್ದು. ಒಳಗೆ 45 ಅಂಕಣಗಳು, ನೆಲದ ಮೇಲೆ ಒಬ್ಬೊಬ್ಬರಿಗೆ ಒಂದೊಂದರಂತೆ 2,250 ಚೌಕಗಳ ಗೆರೆ. ಗೆರೆ ಎಳೆಸಿದ್ದು ಔರಂಗಜೇಬ. ಅಂಕಣಗಳ ಬಿಳಿ ಸುಣ್ಣದ ಸರಳತೆಯ ಕೊನೆಯಲ್ಲಿ, 1636ರಲ್ಲಿ ಬಂಗಾರದ ಬಣ್ಣ ಹಚ್ಚಿದ ಮಿಹ್ರಾಬ್, ಅಂದರೆ ಮೆಕ್ಕಾದ ದಿಕ್ಕು ತೋರುವ ಗೋಡೆಗೂಡು, ಇದೆ. ಅದಕ್ಕೆ ಪರದೆ ಹಾಕಿರುವುದುಂಟು, ಅಲ್ಲಿದ್ದವರನ್ನು ಕೇಳಿದರೆ ಸರಿಸಿ ತೋರಿಸುತ್ತಾರೆ.

ಮಿಹ್ರಾಬಿಗಿಂತ ಮೊದಲು ಅದರ ಮುಂದಿನ ದೊಡ್ಡ ಗುಂಬಜಿನ ಕೆಳಗೆ ನಿಂತು ತಲೆ ಎತ್ತಿ. ಬೆಳಿಗ್ಗೆ ನೋಡಿದ ಕತ್ತರಿಸುವ ಕಮಾನುಗಳು ಇಲ್ಲಿಯೂ ಇವೆ, ಸಣ್ಣ ಅಳತೆಯಲ್ಲಿ. ಇದು ಗೋಲಗುಂಬಜಿಗಿಂತ ಎರಡು ತಲೆಮಾರು ಹಿಂದಿನದು. ವಿದ್ಯೆ ಇಲ್ಲಿ ಪಳಗಿ ಅಲ್ಲಿಗೆ ಹೋಯಿತು. ದೊಡ್ಡದನ್ನು ಮೊದಲು ನೋಡಿ ಬಂದಿದ್ದರಿಂದ ಕಣ್ಣಿಗೆ ಇದು ಬೇಗ ಬಿಡಿಸಿಕೊಳ್ಳುತ್ತದೆ.

ಮಸೀದಿಯಿಂದ ಅರಕಿಲ್ಲೆಯ (ಊರ ನಡುವಿನ ಒಳಕೋಟೆಯ) ಕಡೆ ಹೋಗುವ ದಾರಿಯಲ್ಲಿ ಮೆಹತರ್ ಮಹಲ್ ಸಿಗುತ್ತದೆ. ಹೆಸರು ಮಹಲ್ ಎಂದಿದ್ದರೂ ಇದು ಸಣ್ಣ ಮಸೀದಿಯೊಂದರ ಹೆಬ್ಬಾಗಿಲು. ಆಟೊದಲ್ಲಿ ಹೋದವರಿಗೆ ಇದು ಕಣ್ಣಿಗೇ ಬೀಳುವುದಿಲ್ಲ. ಬಾಲ್ಕನಿಯನ್ನು ಹೊತ್ತಿರುವ ಓರೆ ಆಸರೆಗಳು ಪೂರ್ತಿ ಕಲ್ಲು, ಆದರೆ ಬಡಗಿ ಕೆತ್ತಿದ ಮರದಷ್ಟು ತೆಳು. ರಸ್ತೆಯ ಎದುರು ಬದಿಯಿಂದ ನೋಡಿದರೆ ನೆರಳು ಬಿದ್ದು ಕೆತ್ತನೆ ಎದ್ದು ಕಾಣುತ್ತದೆ. ಈ ಊರಲ್ಲಿ ಗಾತ್ರವನ್ನು ಮರೆತು ಕೈಕೆಲಸ ನೋಡಬೇಕೆಂದರೆ ನಮ್ಮ ಮೊದಲ ಆಯ್ಕೆ ಇದೇ.

ಅಸರ್ ಮಹಲ್ ಮುಂದಿನ ಕೊಳದ ದಂಡೆಯಲ್ಲಿ ಐದು ನಿಮಿಷ ಸಾಕು. ತೇಗದ ಎತ್ತರದ ನಾಲ್ಕು ಕಂಬಗಳು ಹೊರಗಿನಿಂದಲೇ ಕಾಣುತ್ತವೆ. ಪ್ರವಾದಿಯವರ ಕೇಶವಿದೆ ಎಂಬ ನಂಬಿಕೆಯ ಜಾಗವಾದ್ದರಿಂದ ಒಳಗೆ ಹೆಂಗಸರಿಗೆ ಪ್ರವೇಶವಿಲ್ಲ.

1561ರ ಗಗನ ಮಹಲಿನಲ್ಲಿ ಉಳಿದಿರುವುದು ಮೂರು ಕಮಾನುಗಳ ಮುಖ. ನಡುವಿನದು ಸುಮಾರು 60 ಅಡಿ ಅಗಲ, ಅಕ್ಕಪಕ್ಕದವು ತೀರ ಕಿರಿದು, ಆದರೆ ಮೂರರ ಎತ್ತರ ಒಂದೇ. ಮಾಡು ಮರದ್ದಾಗಿದ್ದರಿಂದ ಹೋಗಿಬಿಟ್ಟಿದೆ. ದರ್ಬಾರು ನಡೆಯುತ್ತಿದ್ದ ಜಾಗ, ಬಾಗಿಲಿಲ್ಲದ ಅಗಲ ಕಮಾನು ಯಾಕೆ ಬೇಕಿತ್ತೆಂದು ಎದುರಿನ ಹುಲ್ಲಿನ ಮೇಲೆ ನಿಂತರೆ ತಿಳಿಯುತ್ತದೆ: ಹೊರಗೆ ನೆರೆದ ಜನಕ್ಕೆ ಒಳಗೆ ಕೂತ ಸುಲ್ತಾನ ಕಾಣಬೇಕಿತ್ತು. 1686ರಲ್ಲಿ ಔರಂಗಜೇಬನ ಮುಂದೆ ರಾಜ್ಯ ಒಪ್ಪಿಸಿದ ಸಿಕಂದರ್ ಆದಿಲ್ ಶಾಹ ಆ ಮನೆತನದ ಕೊನೆಯವನು.

ಅಲ್ಲಿಂದ ಬಾರಾ ಕಮಾನು ಹತ್ತಿರ. ಎರಡನೆಯ ಅಲಿ ಆದಿಲ್ ಶಾಹ ತನ್ನ ಈ ಸಮಾಧಿಯಿಂದ ಅಪ್ಪನ ಗೋಲಗುಂಬಜನ್ನು ಮೀರಿಸಲು ಹೊರಟಿದ್ದ. ಜಗತಿ ಒಂದೊಂದು ಬದಿಗೆ 215 ಅಡಿ, ಅಂದರೆ ಸುಮಾರು 65 ಮೀ. ಗೋಲಗುಂಬಜಿನ ಹೊರಬದಿ 47.5 ಮೀ. ಮಾತ್ರ. 1672ರಲ್ಲಿ ಅವನು ತೀರಿದ, ಕೆಲಸ ಅಲ್ಲಿಗೇ ನಿಂತಿತು. ಮುಗಿಯದ್ದರಿಂದಲೇ ಇದು ಪಾಠಕ್ಕೆ ಒಳ್ಳೆಯದು. ಗಾರೆ ಮೆತ್ತಿದ ಕಟ್ಟಡದಲ್ಲಿ ಕಾಣದ ಕಲ್ಲಿನ ಸಾಲು, ಕಮಾನಿನ ಬೆಣೆಗಲ್ಲು, ಸುಣ್ಣದ ಸಂದು ಎಲ್ಲ ಇಲ್ಲಿ ಬಯಲಾಗಿವೆ. ಒಂದು ಕಮಾನಿನ ಬುಡದಿಂದ ನೆತ್ತಿಯವರೆಗೆ ಕಲ್ಲುಗಳ ಓರೆ ಹೇಗೆ ಬದಲಾಗುತ್ತದೆ ಎಂದು ಕಣ್ಣಲ್ಲೇ ಹಿಂಬಾಲಿಸಿ.

ಈ ನಡಿಗೆಯಲ್ಲಿ ಅಲ್ಲಲ್ಲಿ ರಸ್ತೆ ಬದಿಗೆ ಬಾಗಿಲಿಲ್ಲದ ಚೌಕದ ಕಲ್ಲುಗೋಪುರಗಳು ಎದುರಾಗುತ್ತವೆ. ಜನ ಅವುಗಳಿಗೆ ಬೈಕ್ ಆನಿಸಿ ನಿಲ್ಲಿಸಿರುತ್ತಾರೆ. ಅವು ಗಂಜ್‌ಗಳು, ಆದಿಲ್ ಶಾಹಿ ನೀರು ಸರಬರಾಜಿನ ಭಾಗ. ತೊರವಿಯ ಸುರಂಗದಿಂದಲೂ 1651ರ ಬೇಗಂ ತಲಾಬ್ ಕೆರೆಯಿಂದಲೂ ಮಣ್ಣಿನ ಕೊಳವೆಗಳಲ್ಲಿ ನೀರು ಊರಿಗೆ ಬರುತ್ತಿತ್ತು. ಇಳಿಜಾರಿನಲ್ಲಿ ಒತ್ತಡ ಹೆಚ್ಚಿದರೆ ಮಣ್ಣಿನ ಕೊಳವೆ ಒಡೆಯುತ್ತದೆ. ಆದ್ದರಿಂದ ನಡುನಡುವೆ ನೀರನ್ನು ಗೋಪುರದೊಳಗೆ ಮೇಲೇರಿಸಿ, ಒತ್ತಡ ತಗ್ಗಿಸಿ, ಹೂಳು ತಳಕ್ಕಿಳಿಸಿ ಮುಂದಕ್ಕೆ ಬಿಡುತ್ತಿದ್ದರು.

ಹನ್ನೆರಡೂವರೆ: ಖಾನಾವಳಿ

ಒಂದು ಗಂಟೆಯೊಳಗೆ ಎಲೆಯ ಮುಂದೆ ಕೂತಿರಬೇಕು. ಕಾರಣ ಜೋಳದಲ್ಲೇ ಇದೆ. ಗೋದಿಯಲ್ಲಿರುವ ಅಂಟು ಜೋಳದಲ್ಲಿಲ್ಲ, ಕುದಿನೀರು ಹಾಕಿ ನಾದಿದಾಗ ಪಿಷ್ಟ ಬೆಂದು ಹಿಟ್ಟನ್ನು ಹಿಡಿದಿಡುತ್ತದೆ. ರೊಟ್ಟಿ ಆರಿದಂತೆ ಆ ಪಿಷ್ಟ ಬಿಗಿಯುತ್ತದೆ, ಮೆತ್ತಗಿನ ರೊಟ್ಟಿ ತೊಗಲಾಗುತ್ತದೆ. ಬಡಿದು ಕೆಂಡದಿಂದ ತೆಗೆದ ಐದು ಹತ್ತು ನಿಮಿಷವೇ ಅದರ ಹೊತ್ತು. ಎರಡು ಗಂಟೆ ದಾಟಿದರೆ ಒಲೆ ಆರಿರುತ್ತದೆ, ಬುಟ್ಟಿಯದ್ದು ಬರುತ್ತದೆ. ತಡವಾದರೆ ಬಿಸಿ ರೊಟ್ಟಿ ಕೇಳಬೇಡಿ, ಕಡಕ್ ರೊಟ್ಟಿ ಕೇಳಿ. ಅದು ಒಣಗಿಸಿಯೇ ಮಾಡಿದ್ದು, ವಾರಗಟ್ಟಲೆ ಇಟ್ಟರೂ ಕೆಡದು.

ಖಾನಾವಳಿ ಆರಿಸಲು ಒಂದು ಗುರುತು: ರೊಟ್ಟಿ ಬಡಿಯುವ ಸದ್ದು ಊಟದ ಕೋಣೆಗೆ ಕೇಳಬೇಕು. ತಟ್ಟೆಯಲ್ಲಿ ಎಣಗಾಯಿ, ಮಡಕಿ ಕಾಳು ಇಲ್ಲವೆ ಹೆಸರುಕಾಳಿನ ಪಲ್ಯ, ಝುಣಕ, ಶೇಂಗಾ ಹಿಂಡಿ (ಚಟ್ನಿಪುಡಿ), ಗುರೆಳ್ಳು ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ, ಸವತಿಕಾಯಿ, ಕೆಲವೊಮ್ಮೆ ಹಸಿ ಮೆಂತ್ಯದ ಸೊಪ್ಪು ಇರುತ್ತವೆ. ಮೊದಲು ಹಿಂಡಿಗೆ ಮೊಸರೋ ಎಣ್ಣೆಯೋ ಹಾಕಿ ಗುಳಿ ಮಾಡಿ ಕಲಸಿಕೊಳ್ಳಿ, ಒಣಪುಡಿ ನೇರ ಬಾಯಿಗಿಟ್ಟರೆ ಗಂಟಲಿಗೆ ಹತ್ತುತ್ತದೆ. ಎಣಗಾಯಿಯ ರುಚಿ ಬದನೆಯೊಳಗಿನ ಶೇಂಗಾ-ಎಳ್ಳು ಮಸಾಲೆಯಲ್ಲಿದೆ, ಕಾಯಿ ಒಡೆದು ಅದನ್ನೂ ರಸವನ್ನೂ ಕೂಡಿಸಿ ತಿನ್ನಿ. ಖಾರ ಏರಿದರೆ ನೀರು ಕುಡಿಯಬೇಡಿ, ನೀರಿಗೆ ಮೆಣಸಿನ ಖಾರ ಕರಗುವುದಿಲ್ಲ, ಬಾಯಿ ತುಂಬ ಹರಡುತ್ತದೆ. ಮೊಸರು ಇರುವುದೇ ಅದಕ್ಕೆ. ಹೊಸಬರು ಎರಡು ರೊಟ್ಟಿಗೆ ನಿಲ್ಲಿಸಿ ಅನ್ನಕ್ಕೆ ಹೋಗುವುದು ಒಳಿತು. ಮೂರನೆಯದಕ್ಕೆ ಒಪ್ಪಿದರೆ ಮೂರು ಗಂಟೆಗೆ ನಡೆಯಲಾಗದು.

ಊಟದ ಮೇಲೆ ಬಿಸಿಲು ಇಳಿಯುವತನಕ ವಸ್ತುಸಂಗ್ರಹಾಲಯದಲ್ಲಿ ಕಳೆಯಿರಿ, ಇಲ್ಲವೆ ಕೋಣೆಗೆ ಹೋಗಿ ಮಲಗಿ. ಹೊರಡುವಾಗ ಒಂದು ಲೋಟ ಕಬ್ಬಿನ ಹಾಲು ಚೆನ್ನ. ಮಂಜುಗಡ್ಡೆ ಬೇಡವೆಂದು ಕಬ್ಬು ಗಾಣಕ್ಕೆ ಇಡುವ ಮೊದಲೇ ಹೇಳಬೇಕು, ಬಹಳ ಕಡೆ ಮಂಜು ಮೊದಲೇ ಪಾತ್ರೆಯಲ್ಲಿರುತ್ತದೆ.

ಮೂರರಿಂದ ಆರು: ಪಶ್ಚಿಮದ ಬದಿ

ದಾರಿಯಲ್ಲಿ ತಾಜ್ ಬಾವಡಿ. ಎರಡನೆಯ ಇಬ್ರಾಹಿಂ ಆದಿಲ್ ಶಾಹನ ರಾಣಿ ತಾಜ್ ಸುಲ್ತಾನಾಳ ಹೆಸರಲ್ಲಿ 1620ರಲ್ಲಿ ಮಲಿಕ್ ಸಂದಲ್ ಕಟ್ಟಿಸಿದ ಭಾರೀ ಚೌಕದ ಬಾವಿ. ಹೆಬ್ಬಾಗಿಲಿನ ಕಮಾನು, ಅದರ ಎರಡು ಬದಿಯ ಎಂಟುಮೂಲೆ ಬುರುಜು ನೋಡಿ ಮುಂದೆ ನಡೆಯಿರಿ.

ಅದೇ ಸುಲ್ತಾನನ ಸಮಾಧಿ ಇರುವ ಇಬ್ರಾಹಿಂ ರೋಜಾಕ್ಕೆ ಮೂರೂವರೆಗೆ ಮುಟ್ಟಬೇಕು. ಒಂದೇ ಎತ್ತರದ ಜಗತಿಯ ಮೇಲೆ ಪೂರ್ವಕ್ಕೆ ಸಮಾಧಿ, ಪಶ್ಚಿಮಕ್ಕೆ ಮಸೀದಿ, ನಡುವೆ ಕಾರಂಜಿಯ ತೊಟ್ಟಿ. ಇಳಿಬಿಸಿಲು ಪಶ್ಚಿಮದಿಂದ ಓರೆಯಾಗಿ ಸಮಾಧಿಯ ಮುಖಕ್ಕೆ ಬೀಳುವಾಗ ಗೋಡೆಯ ಅಕ್ಷರ ಕೆತ್ತನೆ ಉಬ್ಬಿ ಕಾಣುತ್ತದೆ. ಮಧ್ಯಾಹ್ನದ ನೆತ್ತಿಬಿಸಿಲಲ್ಲಿ ಅದೇ ಗೋಡೆ ಚಪ್ಪಟೆ. ಐದರ ನಂತರ ಮಸೀದಿಯ ನೆರಳು ಬಂದು ಮುಚ್ಚುತ್ತದೆ, ಹಾಗಾಗಿ ಇರುವ ಅವಕಾಶ ಒಂದೂವರೆ ತಾಸು.

ಇಲ್ಲಿ ಮೂರು ವಿಷಯ ಬಿಡಬಾರದು. ಸಮಾಧಿಯ ಕಿಟಕಿಗಳ ಜಾಲರಿ ಬರೀ ಹೂಬಳ್ಳಿಯಲ್ಲ, ಅರಬ್ಬಿ ಅಕ್ಷರಗಳನ್ನೇ ಕಲ್ಲಿನಲ್ಲಿ ಕೊರೆದು ಜಾಲರಿ ಮಾಡಿದ್ದು. ಒಳಗೆ ನಿಂತು ಬೆಳಕಿನ ಕಡೆ ನೋಡಿದರೆ ಮಾತ್ರ ಅಕ್ಷರ ತಿಳಿಯುತ್ತದೆ. ಎರಡನೆಯದು ಒಳಕೋಣೆಯ ಮಾಡು. 40 ಅಡಿ ಚೌಕದ ಕೋಣೆ, ಅಂಚುಗಳಲ್ಲಿ ಬಾಗಿ ಬಂದ ಮಾಡು ನಡುವೆ ಸಪಾಟಾದ ಕಲ್ಲುಚಪ್ಪಡಿ. ಕೆಳಗೆ ಆಧಾರ ಕಾಣುವುದಿಲ್ಲ. ಚಪ್ಪಡಿಗಳನ್ನು ಕಚ್ಚಿ ಹಿಡಿದಿರುವುದು ಗಟ್ಟಿ ಗಾರೆ. ಮೂರನೆಯದು ಮಸೀದಿಯ ಚಜ್ಜದ ಮೂಲೆಗಳಲ್ಲಿ ತೂಗುವ ಕಲ್ಲಿನ ಸರಪಳಿ. ಕೊಂಡಿಗಳನ್ನು ಜೋಡಿಸಿದ್ದಲ್ಲ, ಒಂದೇ ಕಲ್ಲಿನಲ್ಲಿ ಬಿಡಿಸಿದ್ದು. ಕೆಲವು ಮುರಿದಿವೆ, ಉಳಿದವನ್ನು ಮುಟ್ಟಿ ತೂಗಬೇಡಿ.

ಐದಕ್ಕೆ ಹೊರಟರೆ ಷೇರಜಾ ಬುರುಜಿನ ಮಲಿಕ್-ಎ-ಮೈದಾನ್ ತೋಪು ನೋಡಲು ಹೊತ್ತು ಸಿಗುತ್ತದೆ. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು, ಸುಮಾರು 55 ಟನ್, ಉದ್ದ 4.45 ಮೀ. ಬಾಯಿಯ ಬಳಿ ಆನೆಯನ್ನು ನುಂಗುವ ಸಿಂಹದ ತಲೆ ಇದೆ. ಬದಿಯಿಂದ ನೋಡಿ, ಎದುರಿನಿಂದ ನೋಡಿದರೆ ಆನೆ ಕಾಣುವುದಿಲ್ಲ. 1854ರಲ್ಲಿ ಇದನ್ನು ಹಳೆ ಲೋಹವೆಂದು ಹರಾಜಿಗಿಟ್ಟಾಗ ಬಂದ ಬೆಲೆ 150 ರೂಪಾಯಿ, ಆ ಮೇಲೆ ಮಾರಾಟ ಕೈಬಿಟ್ಟರು. ಹತ್ತಿರದ ಉಪಲಿ ಬುರುಜು 1584ರದ್ದು, ಸುಮಾರು 24 ಮೀ. ಎತ್ತರ, ಮೆಟ್ಟಿಲು ಹೊರಮೈಗೆ ಸುತ್ತಿಕೊಂಡು ಹೋಗುತ್ತದೆ. ಮೇಲೆ 9 ಮೀ.ಗೂ ಉದ್ದದ ತೋಪಿದೆ. ಸೂರ್ಯ ಮುಳುಗುವ ಮೊದಲು ಹತ್ತಿದರೆ ಬೆಳಿಗ್ಗೆ ಹೊರಟ ಗೋಲಗುಂಬಜಿನವರೆಗೆ ಇಡೀ ದಾರಿ ಒಂದೇ ನೋಟಕ್ಕೆ ಸಿಗುತ್ತದೆ. ಮಕ್ಕಳ ಕೈ ಹಿಡಿದಿರಿ.

ಆರೂವರೆ: ಮಿರ್ಚಿ, ಗಿರ್ಮಿಟ್

ಗಾಂಧಿ ಚೌಕದ ಸುತ್ತಮುತ್ತ ಸಂಜೆಯ ಗಾಡಿಗಳು ನಿಲ್ಲುತ್ತವೆ. ಎಣ್ಣೆಯ ಬಣ್ಣ ನೋಡಿ. ಬೆಲ್ಲದ ಪಾಕದಂತೆ ಕಪ್ಪಾಗಿ, ಅಂಚಿಗೆ ನೊರೆ ಕಟ್ಟಿದ್ದರೆ ಅದು ನಿನ್ನೆಯದು. ಗುಡ್ಡೆ ಹಾಕಿಟ್ಟ ಮಿರ್ಚಿಯನ್ನು ಮತ್ತೆ ಎಣ್ಣೆಗದ್ದಿ ಕೊಡುವ ಕಡೆ ಬೇಡ, ಎರಡು ಸಲ ಕರಿದದ್ದು ಎಣ್ಣೆ ಹೀರಿ ಭಾರವಾಗುತ್ತದೆ. 'ಈಗ ಬಿಡೋದು ಕೊಡ್ರಿ' ಎಂದು ಕಾಯಿರಿ. ಗಿರ್ಮಿಟ್ಟನ್ನು, ಅಂದರೆ ಮಸಾಲೆ ಕಲಸಿದ ಚುರಮುರಿಯನ್ನು, ನೀವು ಕೇಳಿದ ಮೇಲೆ ಕಲಸಬೇಕು, ಕಲಸಿದ ಐದು ನಿಮಿಷದಲ್ಲಿ ಮುಗಿಸಬೇಕು.

ಮನೆಯಲ್ಲಿ ಮಾಡುವವರಿಗೆ ಗಿರ್ಮಿಟ್ಟಿನ ನಾಲ್ಕು ಮಂದಿಯ ಅಳತೆ ಹೀಗೆ. ಚುರಮುರಿ 150 ಗ್ರಾಂ. ಮೆತ್ತಗಾಗಿದ್ದರೆ ಒಣ ಬಾಣಲೆಯಲ್ಲಿ ಸಣ್ಣ ಉರಿಗೆ ಎರಡು ನಿಮಿಷ ಆಡಿಸಿ, ಪೂರ್ತಿ ಆರಲು ಬಿಡಿ. ನಾಲ್ಕು ದೊಡ್ಡ ಚಮಚ ಎಣ್ಣೆಗೆ ಸಾಸಿವೆ, ಜೀರಿಗೆ, ಕರಿಬೇವು, ಜಜ್ಜಿದ ಹಸಿಮೆಣಸಿನಕಾಯಿ ಐದು, ಸಣ್ಣಗೆ ಹೆಚ್ಚಿದ ಎರಡು ಉಳ್ಳಾಗಡ್ಡಿ ಹಾಕಿ ಬಾಡಿಸಿ. ಅರ್ಧ ಚಮಚ ಅರಿಶಿನ, ಒಂದೂಕಾಲು ಚಮಚ ಉಪ್ಪು, 20 ಗ್ರಾಂ ಹುಣಸೆಹಣ್ಣನ್ನು 100 ಮಿ.ಲೀ. ನೀರಲ್ಲಿ ಕಿವುಚಿದ ರಸ, 15 ಗ್ರಾಂ ಬೆಲ್ಲ ಸೇರಿಸಿ ಎಣ್ಣೆ ಬಿಡುವತನಕ, ಅಂದರೆ ಆರೇಳು ನಿಮಿಷ ಕುದಿಸಿ. ಗಿರ್ಮಿಟ್ ಕೆಡುವುದು ಬಹುತೇಕ ಈ ಹಂತದಲ್ಲಿ: ನೀರಂಶ ಉಳಿದರೆ ಚುರಮುರಿ ಕುಗ್ಗಿ ಅಂಟಾಗುತ್ತದೆ. ಸೌಟು ಎಳೆದ ದಾರಿ ಬಾಣಲೆಯ ತಳದಲ್ಲಿ ಹಾಗೆಯೇ ಉಳಿಯಬೇಕು. ಉರಿ ಆರಿಸಿ, ಮಸಾಲೆ ಬೆಚ್ಚಗಾದ ಮೇಲೆ ಚುರಮುರಿ ಹಾಕಿ ಕಲಸಿ, ನಾಲ್ಕು ದೊಡ್ಡ ಚಮಚ ಪುಠಾಣಿ ಹಿಟ್ಟು ಉದುರಿಸಿ. ಉಳಿದ ಪಸೆಯನ್ನು ಹಿಟ್ಟು ಹೀರಿಕೊಳ್ಳುತ್ತದೆ, ಮೊದಲೇ ಹಾಕಿದರೆ ಗಂಟಾಗುತ್ತದೆ. ಮೇಲೆ ಹಸಿ ಉಳ್ಳಾಗಡ್ಡಿ, ಕೊತ್ತಂಬರಿ, ಸೇವು.

ಮಿರ್ಚಿಗೆ ಉದ್ದನೆಯ ತಿಳಿಹಸಿರು ಮೆಣಸಿನಕಾಯಿ 12. ತೊಳೆದು ಪೂರ್ತಿ ಒರೆಸಿ. ಪಸೆ ಇದ್ದರೆ ಹಿಟ್ಟು ಜಾರಿ ಎಣ್ಣೆಯಲ್ಲಿ ಬೇರೆಯಾಗುತ್ತದೆ. ಉದ್ದಕ್ಕೆ ಒಂದು ಸೀಳು ಹಾಕಿ, ಜೀರಿಗೆ, ಉಪ್ಪು, ಹುಣಸೆ ಅರೆದ ಗಟ್ಟಿ ಮಸಾಲೆ ಸವರಿ. ಸೀಳದಿದ್ದರೆ ಒಳಗಿನ ಹಬೆಗೆ ಕಾಯಿ ಸಿಡಿದು ಎಣ್ಣೆ ಮೈಮೇಲೆ ಹಾರುತ್ತದೆ. 250 ಗ್ರಾಂ ಕಡಲೆಹಿಟ್ಟಿಗೆ ಉಪ್ಪು, ಅರ್ಧ ಚಮಚ ಅಜವಾನ, ಎರಡು ಚಿಟಿಕೆ ಸೋಡಾ, ಸುಮಾರು 250 ಮಿ.ಲೀ. ನೀರನ್ನು ಸ್ವಲ್ಪಸ್ವಲ್ಪವಾಗಿ ಹಾಕಿ ಐದು ನಿಮಿಷ ಕೈಯಿಂದ ಬಡಿಯಿರಿ. ಕಾಯಿ ಅದ್ದಿ ಎತ್ತಿದಾಗ ಹಿಟ್ಟು ಜಾರದೆ ದಪ್ಪಗೆ ಹಿಡಿದಿರಬೇಕು. ಎಣ್ಣೆ 175–180 ಡಿಗ್ರಿ: ಹನಿ ಹಿಟ್ಟು ಬಿಟ್ಟರೆ ಎರಡು ಎಣಿಸುವುದರೊಳಗೆ ಮೇಲೆ ಬರಬೇಕು. ಒಮ್ಮೆಗೆ ನಾಲ್ಕಕ್ಕಿಂತ ಹೆಚ್ಚು ಬಿಡಬೇಡಿ, ಎಣ್ಣೆಯ ಕಾವು ಇಳಿದು ಮಿರ್ಚಿ ಎಣ್ಣೆ ಕುಡಿಯುತ್ತದೆ. ಸೋಡಾ ಹೆಚ್ಚಾದರೂ ಅದೇ ಗತಿ, ಜೊತೆಗೆ ಬಣ್ಣ ಕೆಂಪಡರಿ ಸಾಬೂನಿನ ವಾಸನೆ ಬರುತ್ತದೆ.

ಊರಿಗೆ ಒಯ್ಯಲು

ಒಣದ್ರಾಕ್ಷಿ ಈ ಜಿಲ್ಲೆಯದು. ಸುಮಾರು ನಾಲ್ಕು ಕಿಲೊ ಹಣ್ಣಿಗೆ ಒಂದು ಕಿಲೊ ಸಿಗುತ್ತದೆ. ಫೆಬ್ರುವರಿಯಿಂದ ಏಪ್ರಿಲ್ ಕೊಯ್ಲು, ನೆರಳಿನ ಚಪ್ಪರದಲ್ಲಿ ಎರಡು ಮೂರು ವಾರ ಒಣಗಿಸುತ್ತಾರೆ. ಹೊಸ ಮಾಲು ಬೇಕಿದ್ದರೆ ಏಪ್ರಿಲ್, ಮೇ ತಿಂಗಳಲ್ಲಿ ಕೊಳ್ಳಿ. ಒಂದು ಹಿಡಿ ತೆಗೆದು ಮುಷ್ಟಿ ಬಿಗಿದು ಬಿಡಿ: ಬಿಡಿಬಿಡಿಯಾಗಿ ಉದುರಿದರೆ ಸರಿ, ಮುದ್ದೆಯಾಗಿ ನಿಂತರೆ ಸಾಕಷ್ಟು ಒಣಗಿಲ್ಲ, ಬೇಗ ಹುಳಿಯುತ್ತದೆ. ಹೊಳಪಿನ ಹಳದಿಗೆ ಗಂಧಕದ ಹೊಗೆ ಕೊಟ್ಟಿರುತ್ತಾರೆ, ಮೂಗಿಗೆ ಚುರುಕು ವಾಸನೆ ಬಂದರೆ ಬಿಡಿ. ಮನೆಯಲ್ಲಿ ಗಾಳಿಯಾಡದ ಡಬ್ಬದಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಹಸಿರು ಬಣ್ಣ ತಿಂಗಳುಗಟ್ಟಲೆ ಉಳಿಯುತ್ತದೆ.

ಮಾಲದಂಡಿ ತಳಿಯ ಜೋಳ ಕೊಂಡರೆ ಕಾಳಾಗಿಯೇ ಒಯ್ಯಿರಿ, ಹಿಟ್ಟು ಬೇಡ. ಬೀಸಿದ ಹಿಟ್ಟು ಎರಡು ವಾರ ಕಳೆದರೆ ರೊಟ್ಟಿ ಬಡಿಯುವಾಗ ಅಂಚು ಸೀಳುತ್ತದೆ, ಕಹಿಯೂ ಹತ್ತುತ್ತದೆ. ಎರಡು ವಾರಕ್ಕೆ ಬೇಕಾದಷ್ಟನ್ನೇ ಗಿರಣಿಗೆ ಹಾಕಿಸಿ.